ಮೇಲಿನ ಬಿಡಾರ

ಬಂಡೆ ಹತ್ತುವ ಹುಚ್ಚು ನನಗೆ ಹಿಡಿದದ್ದು ಕಾಲೇಜಿನ ದಿನಗಳಲ್ಲಿ, ಒಂದು ಎನ್‌ಸಿಸಿ ಶಿಬಿರದಲ್ಲಿ. ಅಲ್ಲಿಯವರೆಗೆ ನಾನು ನಿಂತಿದ್ದ ಅತಿ ಎತ್ತರದ ಜಾಗವೆಂದರೆ ನಿಂಬರ್ಗಾದ ನಮ್ಮ ಮನೆಯ ಮಾಳಿಗೆ. ಅಲ್ಲಿಂದ ನಾಲ್ಕು ದಿಕ್ಕಿಗೂ ತೊಗರಿ, ಜೋಳ, ಅದರಾಚೆ ಮತ್ತೆ ತೊಗರಿ. ಶಿಬಿರದಲ್ಲಿ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು ಹತ್ತು ಅಡಿ ಏರಿ, ಇಳಿಸಿರೆಂದು ಕೂಗಿಕೊಂಡೆ. ಕೆಳಗಿಳಿದ ಮೇಲೆ ಸಾಲಿನ ಕೊನೆಗೆ ಓಡಿಹೋಗಿ ಮತ್ತೆ ನಿಂತುಕೊಂಡೆ.

ಅಲ್ಲಿ ಇಬ್ಬರು ಗೆಳತಿಯರಾದರು. ಒಬ್ಬಳು ನನ್ನ ವಯಸ್ಸಿನವಳು, ಮುಂದೆ ಅಫಜಲಪುರದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆದಳು. ಇನ್ನೊಬ್ಬರು ನಮಗಿಂತ ನಾಲ್ಕು ವರ್ಷ ದೊಡ್ಡವರು, ಆಳಂದದ ಆಸ್ಪತ್ರೆಯಲ್ಲಿ ನರ್ಸ್. ಶಿಬಿರದ ಹುಡುಗಿಯರ ಗಾಯ ನೋಡಿಕೊಳ್ಳಲು ಬಂದಿದ್ದವರು ಎರಡನೆಯ ದಿನ ತಾವೇ ಸೀರೆ ಬಿಟ್ಟು ಪ್ಯಾಂಟು ಹಾಕಿಕೊಂಡು ಬಂಡೆಗೆ ಕೈ ಹಚ್ಚಿದರು. ಅವರನ್ನು ನಾವಿಬ್ಬರೂ ಅಕ್ಕ ಎನ್ನುತ್ತಿದ್ದೆವು. ನನಗೆ ಜೇವರ್ಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕಿತು. ಹೀಗೆ ಮೂವರೂ ಮೂರು ತಾಲ್ಲೂಕಿಗೆ ಚದುರಿದರೂ ತಿಂಗಳಿಗೊಂದು ಭಾನುವಾರ ಗುಲ್ಬರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಸೇರಿ ಶಹಾಪುರದ ಬಸ್ಸು ಹತ್ತುತ್ತಿದ್ದೆವು. ಅಲ್ಲಿಯ ಗುಡ್ಡದ ಬಂಡೆಗಳೇ ನಮ್ಮ ಅಭ್ಯಾಸದ ಜಾಗ. ಆಡು ಮೇಯಿಸುವ ಒಬ್ಬ ಮುದುಕಿ ನಮ್ಮನ್ನು ಕಂಡಾಗಲೆಲ್ಲ ಕೆಳಗಿನಿಂದ ಕೂಗುತ್ತಿದ್ದಳು: “ಏನ್ರಿ ಬಾಯೇರ, ಮ್ಯಾಲ ಏನ್ ಕಳದದ್ರಿ ನಿಮ್ದು?”

ಮೂವರಲ್ಲಿ ಚೆನ್ನಾಗಿ ಹತ್ತುತ್ತಿದ್ದವಳು ಪಿ.ಟಿ. ಟೀಚರ್. ಬಂಡೆಯನ್ನು ಒಂದು ಸಲ ನೋಡಿದರೆ ಸಾಕು, ಕೈ ಎಲ್ಲಿಡಬೇಕು, ಕಾಲು ಎಲ್ಲಿಡಬೇಕು ಎಂದು ಅವಳಿಗೆ ತಿಳಿದುಬಿಡುತ್ತಿತ್ತು. ನಾನು ಅವಳ ಹಿಂದೆ, ಅವಳು ಬಿಟ್ಟ ಹಗ್ಗ ಹಿಡಿದು ಏರುವವಳು. ಪತ್ರ ಬರೆಯುವುದು, ಬಸ್ಸಿನ ಹೊತ್ತು ಕೇಳುವುದು, ರಜೆ ಹೊಂದಿಸುವುದು ನನ್ನ ಪಾಲಿನ ಕೆಲಸ. ಅದರಲ್ಲಿ ಅವರಿಬ್ಬರೂ ನನ್ನನ್ನು ಪೂರ್ತಿ ನಂಬಿದ್ದರು.

ಎಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ ಅವಳ ಮದುವೆ ಗೊತ್ತಾಯಿತು. ಸೊಲ್ಲಾಪುರ ಕಡೆಯ ವರ. ಆ ಮನೆಯವರು ಮದುವೆಯ ನಂತರ ನೌಕರಿ ಬೇಕಾದರೆ ಮಾಡಲಿ, ಈ ಗುಡ್ಡ ಹತ್ತುವುದೆಲ್ಲ ಬೇಡ ಎಂದಿದ್ದರಂತೆ.

“ಹಂಗಾದ್ರ ಒಂದ್ ಸಲ ದೊಡ್ಡ ಬಂಡಿ ಹತ್ತೂಣು ಬೇ,” ಎಂದಳು ಅವಳು, ಬಸ್‌ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ ಕುಳಿತು. “ಖರೇ ಖರೇ ಘಟ್ಟದಾಗಿನ ಬಂಡಿ. ಆಮ್ಯಾಲ ನಾ ಲಗ್ನ ಮಾಡ್ಕೊಂಡು ರೊಟ್ಟಿ ಬಡಕೋಂತ ಕುಂಡ್ರತೇನಿ.”

ಪಶ್ಚಿಮ ಘಟ್ಟದ ಒಂದು ಕಾಡನ್ನು ಆಗಷ್ಟೇ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ್ದರು. ಅದರೊಳಗೆ ಹುಲ್ಲಿನ ಬೆಟ್ಟ, ಬೆಟ್ಟದ ತುದಿಗೆ ಹತ್ತು ಆಳೆತ್ತರ ನಿಂತ ಕಲ್ಲುಗೋಡೆ ಇದೆಯೆಂದು ಶಿಬಿರದ ನಮ್ಮ ತರಬೇತುದಾರರು ಹೇಳಿದ್ದರು. ಈಗ ಅಲ್ಲಿ ಕಾಲಿಡಬೇಕೆಂದರೆ ಮೊದಲು ಅರಣ್ಯ ಕಚೇರಿಗೆ ಬರೆದು, ಬಿಡಾರದ ಜಾಗವನ್ನು ಕಾದಿರಿಸಿಕೊಳ್ಳಬೇಕಿತ್ತು. ನಾನು ಪತ್ರ ಬರೆದೆ. ಮೂರು ವಾರದ ನಂತರ ಒಂದು ಅರ್ಜಿ ನಮೂನೆಯೂ, ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆಯೂ ಬಂದವು. ಹೊರಗಿನವರು ಡೇರೆ ಹಾಕಬಹುದಾದ ಜಾಗಗಳು ಎರಡು ಎಂದು ಹಾಳೆಯಲ್ಲಿತ್ತು. ಒಂದು ಹೊಳೆ ಬಿಡಾರ, ಬೆಟ್ಟದ ಬುಡದಲ್ಲಿ. ಇನ್ನೊಂದು ಮೇಲಿನ ಬಿಡಾರ, ಕಲ್ಲುಗೋಡೆಯ ಕೆಳಗಿನ ಹುಲ್ಲುಗಾವಲಿನಲ್ಲಿ.

ಆ ಹಾಳೆಯನ್ನು ಶನಿವಾರ ನಿಂಬರ್ಗಾಕ್ಕೆ ತೆಗೆದುಕೊಂಡು ಹೋಗಿ ಅಪ್ಪನಿಗೆ ತೋರಿಸಿದೆ. ಅಪ್ಪ ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅಫಜಲಪುರದ ಭೀಮಾ ದಂಡೆಯಿಂದ ಜೇವರ್ಗಿಯ ತನಕ ಸರಪಳಿ ಎಳೆಸಿ ಹೊಲ ಅಳೆದು ಅವರ ಮೊಣಕಾಲು ಸವೆದುಹೋಗಿತ್ತು. ಬೆಟ್ಟವನ್ನು ಕಣ್ಣಾರೆ ಕಂಡದ್ದು ಕಡಿಮೆ. ಆದರೆ ನಕ್ಷೆ ಓದುವುದರಲ್ಲಿ ಅವರನ್ನು ಮೀರಿಸಿದವರನ್ನು ನಾನು ನೋಡಿಲ್ಲ. ಹಳೆಯ ಸಹೋದ್ಯೋಗಿಯೊಬ್ಬರಿಗೆ ಬರೆದು ಆ ಬೆಟ್ಟದ ನಕ್ಷೆಯ ಪ್ರತಿಯೊಂದನ್ನು ತರಿಸಿದರು. ನಡುಮನೆಯಲ್ಲಿ ಕಂಬಳಿ ಹಾಸಿ, ಅದರ ಮೇಲೆ ನಕ್ಷೆ ಹರವಿ, ನಾಲ್ಕು ಮೂಲೆಗೆ ನಾಲ್ಕು ಲೋಟ ಇಟ್ಟು, ಕನ್ನಡಕ ಏರಿಸಿ ಕುಳಿತರು.

“ಇಲ್ಲಿ ನೋಡವ್ವಾ. ಈ ನೀಲಿ ಗೆರಿ ಅದ ಅಲಾ, ಇದು ಹನ್ನೆರಡು ತಿಂಗಳು ಹರಿಯೂ ಹೊಳಿ. ನಿಮ್ಮ ಕೆಳಗಿನ ಬಿಡಾರ ಇದರ ಬಾಜೂಕ ಬರ್ತದ. ಇನ್ನ ಮ್ಯಾಲಿಂದು ನೋಡು. ಅದರ ಮಗ್ಗಲ ಇರೂ ಗೆರಿ ಯಾವ ಬಣ್ಣದ್ದು?”

“ಕರೀದು.”

“ಕರೀದು ಅಂದ್ರ ಮಳಿಗಾಲದ ಹಳ್ಳ. ನೀವು ಹೋಗಾಕತ್ತಿದ್ದು ಏಪ್ರಿಲ್‌ದಾಗ. ಅಲ್ಲಿ ಕಲ್ಲ ಬಿಟ್ರ ಏನೂ ಇರೂದಿಲ್ಲ.”

“ಕೆಳಗಿನ ಬಿಡಾರದಿಂದ ಬಂಡಿಗೆ ಹೋಗಾಕ ಮೂರು ತಾಸು ಬೇಕಪ್ಪ. ನಮ್ಮ ಕೈಯಾಗ ಇರೂದು ಎರಡ ದಿನ.”

“ಮೂರು ತಾಸು ನಡೀರಿ. ಕಾಲ ಅದಾವಲ್ಲ,” ಎಂದು ನಕ್ಷೆ ಮಡಿಚಿದರು.

ನಾನು ಹೂಂ ಎಂದೆ. ಜೇವರ್ಗಿಗೆ ವಾಪಸಾಗಿ ಅರ್ಜಿ ತುಂಬಿದೆ. ಮೂವರ ಹೆಸರು, ವಯಸ್ಸು, ತಂದೆಯ ಹೆಸರು, ಉದ್ದೇಶ, ಮುಖ್ಯೋಪಾಧ್ಯಾಯರ ಶಿಫಾರಸು. ಯಾವ ಬಿಡಾರ ಎಂಬ ಜಾಗದಲ್ಲಿ, “ಎರಡರಲ್ಲಿ ಯಾವುದು ಖಾಲಿ ಇದೆಯೋ ತಿಳಿಸಿರಿ” ಎಂದು ಬರೆದು ಕಳಿಸಿದೆ. ಆ ಸಾಲು ಬರೆಯುವಾಗಲೇ ನನ್ನ ಮನಸ್ಸಿನಲ್ಲಿ ಏನಿತ್ತು ಎಂದು ಈಗ ಕೇಳಿಕೊಂಡರೆ ಗೊತ್ತಾಗುತ್ತದೆ. ಹೊಳೆ ಬಿಡಾರ ಯಾರಾದರೂ ಹಿಡಿದಿರಲಿ ಎಂದು ನಾನು ಬಯಸಿದ್ದೆ.

ಫಾಲ್ಗುಣದ ಬಿಸಿಲಿನಲ್ಲಿ ಉತ್ತರ ಬಂತು. ಶಾಲೆಯ ಬೇವಿನ ಗಿಡದ ಕೆಳಗೆ ನಿಂತು ಒಡೆದು ಓದಿದೆ. ನಾವು ಕೇಳಿದ ದಿನಗಳಿಗೆ ಎರಡೂ ಜಾಗ ಖಾಲಿ ಇದ್ದವು. ಯಾವುದು ಬೇಕೆಂದು ತಿಳಿಸಿದರೆ ಕಾದಿರಿಸುತ್ತೇವೆ ಎಂದಿತ್ತು. ಕೆಳಗೆ ಯಾರೋ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು: “ಬೇಸಿಗೆಯಲ್ಲಿ ಮೇಲಿನ ಬಿಡಾರದಲ್ಲಿ ನೀರಿನ ಖಾತರಿ ಇಲ್ಲ.”

ಅದೇ ದಿನ ಮೇಲಿನ ಬಿಡಾರ ಬೇಕೆಂದು ಬರೆದು ಅಂಚೆಗೆ ಹಾಕಿದೆ. ಉತ್ತರವನ್ನು ನನ್ನ ಟ್ರಂಕಿನ ತಳದಲ್ಲಿ, ಹಳೆಯ ಸೀರೆಗಳ ಕೆಳಗೆ ಇಟ್ಟೆ.

ಯಾಕೆ ಹಾಗೆ ಮಾಡಿದೆ ಎಂದು ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಗೆಳತಿಗೆ ಇದು ಕೊನೆಯ ಸಲ, ಅವಳಿಗೆ ಬಂಡೆಯ ಮೇಲೆ ಹೆಚ್ಚು ಹೊತ್ತು ಸಿಗಲಿ ಎಂದು. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನನಗೆ ಒಂದು ಸಲವಾದರೂ ಮುಂದೆ ಹೋಗಿ, ನಾನೇ ದಾರಿ ಹುಡುಕಿ, ಹಗ್ಗವನ್ನು ಮೇಲಿನಿಂದ ಅವಳಿಗೆ ಬಿಡಬೇಕೆಂಬ ಆಸೆ ಇತ್ತು. ಮೂರು ತಾಸು ನಡೆದು ದಣಿದು ಬಂದರೆ ಅದು ಆಗುವ ಮಾತಲ್ಲ ಎಂದು ನನಗೆ ತಿಳಿದಿತ್ತು. ಅವಳು ದಣಿಯುವುದಿಲ್ಲ, ನಾನು ದಣಿಯುತ್ತೇನೆ.

ಗೆಳತಿಯರಿಗೆ ಹೊಳೆ ಬಿಡಾರ ಭರ್ತಿಯಾಗಿದೆ ಎಂದು ಹೇಳಿದೆ. ಅವರು ನಂಬಿದರು. ಅಪ್ಪನಿಗೂ ಅದನ್ನೇ ಹೇಳಿದೆ.

“ಹಂಗಾದ್ರ ತಾರೀಖ ಬದಲ್ ಮಾಡು,” ಎಂದರು ಅಪ್ಪ.

“ಆಗೂದಿಲ್ಲಪ್ಪ. ಆಕಿ ಲಗ್ನ ಬಂತು.”

“ಕಾಗದ ತೋರಸು.”

“ಶಾಲಿಯಾಗ ಅದ. ತರೂದು ಮರ್ತೆ.”

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಎದ್ದು ಒಳಗೆ ಹೋಗಿ, ಸರ್ವೆ ಕ್ಯಾಂಪಿಗೆ ಒಯ್ಯುತ್ತಿದ್ದ ಎರಡು ನೀರಿನ ಕ್ಯಾನುಗಳನ್ನು ತಂದು ನನ್ನ ಚೀಲದ ಪಕ್ಕ ಇಟ್ಟರು.

ಪರೀಕ್ಷೆ ಮುಗಿದ ವಾರ ಹೊರಟೆವು. ಗುಲ್ಬರ್ಗಾದಿಂದ ಹುಬ್ಬಳ್ಳಿ, ಅಲ್ಲಿಂದ ಶಿವಮೊಗ್ಗ, ಅಲ್ಲಿಂದ ಮತ್ತೆರಡು ಬಸ್ಸು. ಅರಣ್ಯದ ಚೌಕಿಯಲ್ಲಿ ನಮ್ಮ ಪರವಾನಗಿ ನೋಡಿ ಒಬ್ಬ ಗಾರ್ಡನ್ನು ಜೊತೆಗೆ ಕಳಿಸಿದರು. ಐವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ಒಂದು ತಾಸು ನಡೆದ ಮೇಲೆ ಹೊಳೆ ಬಿಡಾರ ಬಂತು. ಮರಗಳ ನೆರಳು, ಸಮತಟ್ಟು ನೆಲ, ಕಲ್ಲುಗಳ ನಡುವೆ ಮೊಣಕಾಲುದ್ದ ನೀರು. ಅಲ್ಲಿ ಒಂದೂ ಡೇರೆ ಇರಲಿಲ್ಲ.

“ನೀವು ಇದನ್ನೇ ತಗೊಳ್ಬೇಕಿತ್ತು,” ಎಂದರು ಗಾರ್ಡ್. “ಈ ವಾರ ಪೂರ್ತಿ ಖಾಲಿ ಉಂಟಲ್ಲ.”

ಅಕ್ಕ ನನ್ನ ಕಡೆ ತಿರುಗಿದರು. “ಫುಲ್ ಆಗ್ಯದ ಅಂದಿದ್ದಿ?”

“ಯಾರೋ ಕ್ಯಾನ್ಸಲ್ ಮಾಡಿರಬೇಕಕ್ಕ,” ಎಂದೆ.

ಗಾರ್ಡ್ ನನ್ನನ್ನು ನೋಡಿದರು. ನಂತರ, “ಬೇಕಾದ್ರೆ ಇಲ್ಲೇ ಉಳಿರಿ, ಆಫೀಸಿಗೆ ನಾನು ಹೇಳ್ತೇನೆ,” ಎಂದರು.

ಪಿ.ಟಿ. ಟೀಚರ್ ಆಗಲೇ ಚಪ್ಪಲಿ ಬಿಚ್ಚಿ ನೀರಿಗಿಳಿದಿದ್ದಳು. “ನೀ ಹ್ಯಾಂಗ ಅಂತಿ ಹಂಗ,” ಎಂದು ನನಗೆ ಹೇಳಿದಳು, ಮುಖಕ್ಕೆ ನೀರು ಎರಚಿಕೊಳ್ಳುತ್ತ. ಆ ಕ್ಷಣದಲ್ಲಿ ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಚೀಲ ಹೆಗಲಿಗೇರಿಸಿ, “ಮ್ಯಾಲೇ ಹೋಗೂಣು,” ಎಂದೆ.

ಮೇಲೆ ಅಪ್ಪ ಹೇಳಿದ್ದೇ ಇತ್ತು. ಬಿಡಾರದ ಪಕ್ಕದ ಹಳ್ಳದಲ್ಲಿ ಬಿಸಿ ಕಲ್ಲು, ಒಣಗಿದ ಎಲೆ. ಗಾರ್ಡ್ ಕೆಳಗೆ ಒಂದು ಕೊರಕಲನ್ನು ತೋರಿಸಿ, ಅದರ ಬುಡದಲ್ಲಿ ಸಣ್ಣ ಒರತೆ ಇದೆ, ಇಳಿಜಾರು ಜೋಪಾನ ಎಂದು ಹೇಳಿ ಚೌಕಿಗೆ ಇಳಿದುಹೋದರು. ಆ ಸಂಜೆ ನಾವು ತಂದ ನೀರಿನಲ್ಲಿ ಅನ್ನ ಬೇಯಿಸಿಕೊಂಡು ಉಂಡೆವು. ಕಲ್ಲುಗೋಡೆ ನಮ್ಮ ತಲೆಯ ಮೇಲೆ ನಿಂತಿತ್ತು. ಪಿ.ಟಿ. ಟೀಚರ್ ಅದನ್ನು ನೋಡುತ್ತ ಕುಳಿತವಳು ಬೆರಳಿನಿಂದ ಗಾಳಿಯಲ್ಲಿ ದಾರಿ ಬರೆಯುತ್ತಿದ್ದಳು.

ಬೆಳಿಗ್ಗೆ ಹೊತ್ತಿಗೆ ಒಂದು ಕ್ಯಾನಿನ ತಳದಲ್ಲಷ್ಟೇ ನೀರು ಉಳಿದಿತ್ತು. ನೀರಿಗೆ ಹೋಗುವ ಪಾಳಿ ನನ್ನದು. ನಾನು ಬಂಡೆಯ ಬುಡದಲ್ಲಿ ಹಗ್ಗ ಬಿಡಿಸುತ್ತ, ಬಿಸಿಲು ಕಲ್ಲಿಗೆ ಬೀಳುವ ಮೊದಲೇ ಶುರುಮಾಡಬೇಕೆಂದು ಅವಸರ ಮಾಡುತ್ತಿದ್ದೆ.

“ನೀ ಹಗ್ಗ ನೋಡ್ಕೋ. ನೀರ ನಾ ತರ್ತೇನಿ. ಇವತ್ತ ನೀನೇ ಮುಂದ ಹತ್ತು,” ಎಂದಳು ಅವಳು.

ಅವಳಿಗೆ ನನ್ನ ಆಸೆ ಗೊತ್ತಿತ್ತು ಎಂಬುದು ನನಗೆ ಆಗ ತಿಳಿಯಿತು. ನಾನು ಬೇಡ ಅನ್ನಲಿಲ್ಲ. ಅವಳು ಎರಡೂ ಕ್ಯಾನು ಹಿಡಿದು ಇಳಿದಳು.

ಅರ್ಧ ತಾಸಾಗಿರಬೇಕು. ಕ್ಯಾನು ಕಲ್ಲಿನಿಂದ ಕಲ್ಲಿಗೆ ಬಡಿದು ಉರುಳುವ ಸದ್ದು ಮೊದಲು ಕೇಳಿತು, ಆಮೇಲೆ ಅವಳ ದನಿ. ತುಂಬಿದ ಕ್ಯಾನುಗಳು ಎರಡೂ ಕೈಯಲ್ಲಿ, ಹಿಡಿಯಲು ಖಾಲಿ ಕೈ ಇಲ್ಲ, ಕಾಲಡಿಯ ಒಣಹುಲ್ಲು ಜಾರಿತ್ತು. ನಾವು ಹೋಗಿ ನೋಡಿದಾಗ ಕೊರಕಲಿನಲ್ಲಿ ಬಿದ್ದಿದ್ದಳು, ಬಲಗಾಲು ಮೊಣಕಾಲಿನಿಂದ ಕೆಳಗೆ ಇರಬಾರದ ಕಡೆಗೆ ತಿರುಗಿತ್ತು. ಅಕ್ಕ ಡೇರೆಯ ಕೋಲು ತರಿಸಿ, ತಮ್ಮ ದುಪಟ್ಟಾ ಹರಿದು ಕಾಲು ಕಟ್ಟಿದರು. “ನೀ ಓಡು. ಗಾರ್ಡನ್ನ ಕರ್ಕೊಂಡ್ ಬಾ,” ಎಂದರು ನನಗೆ. ನಾನು ಓಡಿದೆ.

ಗಾರ್ಡ್ ನಾಲ್ಕು ಜನರನ್ನು ಕರೆತಂದು, ಬಿದಿರಿಗೆ ಕಂಬಳಿ ಕಟ್ಟಿ ಅವಳನ್ನು ಹೊತ್ತು ಇಳಿಸಿದರು. ನಡುವೆ ಹೊಳೆಯ ಹತ್ತಿರ ಹೆಗಲು ಬದಲಿಸಲು ನಿಂತರು. ನಾನು ಬೊಗಸೆಯಲ್ಲಿ ನೀರು ತಂದು ಅವಳ ಬಾಯಿಗೆ ಹಿಡಿದೆ. ಅವಳು ಕುಡಿದು ಸುತ್ತ ನೋಡಿ, “ಇಲ್ಲೇ ಇದ್ದಿದ್ರ ಛಲೋ ಇತ್ತಲ್ಲ ಬೇ,” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ. ನಾನು ಇನ್ನೊಂದು ಬೊಗಸೆ ನೀರು ತರಲು ಹೋದೆ.

ಕರಾವಳಿಯ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು. ಎಲುಬು ಕೂಡಿಕೊಂಡಿತು, ಮೊಣಕಾಲು ಮಾತ್ರ ಮಡಚಲಿಲ್ಲ. ಎರಡು ತಿಂಗಳ ನಂತರ ವರನ ಕಡೆಯಿಂದ ಒಬ್ಬ ಹಿರಿಯರು ಅಫಜಲಪುರಕ್ಕೆ ಬಂದು, ಚಹಾ ಕುಡಿದು, ಸಂಬಂಧ ಮುಂದುವರಿಸುವುದು ಆಗುವುದಿಲ್ಲ ಎಂದು ಹೇಳಿ ಹೋದರು. ಶಾಲೆಯ ಹೆಡ್‌ಮಾಸ್ತರಬಾಯಿ ದೊಡ್ಡ ಮನಸ್ಸಿನವರು. ಕೋಲೂರಿ ಬಂದ ಅವಳನ್ನು ಮೈದಾನದ ಅಂಚಿನಲ್ಲಿ ಕುರ್ಚಿ ಹಾಕಿಸಿ ಕೂರಿಸಿದರು, ಕೆಲಸ ಬಿಡಿಸಲಿಲ್ಲ.

ಊರಿಗೆ ಬಂದ ವಾರದಲ್ಲೇ ನಾನು ಅಪ್ಪನ ಮುಂದೆ ಎಲ್ಲ ಹೇಳಿದೆ. ಅಪ್ಪ ಕಟ್ಟೆಯ ಮೇಲೆ ಕುಳಿತು ಕೇಳಿದರು.

“ಕಾಗದ ಎಲ್ಲದ?”

ಟ್ರಂಕಿನಿಂದ ತೆಗೆದು ಚೀಲದಲ್ಲಿ ತಂದಿದ್ದೆ, ಕೊಟ್ಟೆ. ಎರಡು ಸಲ ಓದಿದರು. ಕೈಬರಹದ ಸಾಲಿನ ಮೇಲೆ ಬೆರಳಿಟ್ಟರು.

“ಇದನ್ನ ನನ್ನ ಮುಂದ ಯಾಕ ಹೇಳಾಕತ್ತಿ? ಮುರದಿದ್ದು ನನ್ನ ಕಾಲೇನು?”

ಅಷ್ಟೇ ಹೇಳಿ ಕಾಗದ ನನ್ನ ಕೈಗೆ ಕೊಟ್ಟರು. ಮತ್ತೆಂದೂ ಆ ವಿಷಯ ಎತ್ತಲಿಲ್ಲ.

ಅವಳ ಮುಂದೆ ಹೇಳಲು ನನಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷ ತಿಂಗಳಿಗೆ ಎರಡು ಸಲ ಅಫಜಲಪುರಕ್ಕೆ ಹೋಗುತ್ತಿದ್ದೆ. ಅವಳ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದೆ, ಅವಳ ತಾಯಿಗೆ ಅಡುಗೆಯಲ್ಲಿ ಕೈಜೋಡಿಸುತ್ತಿದ್ದೆ. “ನೀ ಇರದಿದ್ರ ನನ್ನ ಗತಿ ಏನಿತ್ತು ಬೇ,” ಎನ್ನುತ್ತಿದ್ದಳು. ಆ ಮಾತು ಕೇಳಿದ ದಿನ ಬಸ್ಸಿನಲ್ಲಿ ಜೇವರ್ಗಿಯ ತನಕ ಕಿಟಕಿಗೆ ಮುಖ ಮಾಡಿ ಕುಳಿತಿರುತ್ತಿದ್ದೆ. ಕೊನೆಗೆ ಗುಲ್ಬರ್ಗಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ಅಕ್ಕ ಮೆಲ್ಲಗೆ ಹೇಳಿದರು: “ಅವತ್ತು ಗಾರ್ಡ್ ಅಂದಿದ್ದು ನಾ ಮರ್ತಿಲ್ಲ. ನಾ ಕೇಳೂದಿಲ್ಲ. ನೀನಾಗೇ ಆಕಿ ಮುಂದ ಹೇಳಬೇಕು.”

ಮರುದಿನ ರಜೆ ಹಾಕಿ ಹೋದೆ. ಮಧ್ಯಾಹ್ನದ ಮೈದಾನದಲ್ಲಿ ಹುಡುಗಿಯರು ಖೋ ಖೋ ಆಡುತ್ತಿದ್ದರು, ಅವಳು ಕುರ್ಚಿಯಲ್ಲಿ ಕುಳಿತು ಸೀಟಿ ಊದುತ್ತಿದ್ದಳು. ಪಕ್ಕದಲ್ಲಿ ನೆಲಕ್ಕೆ ಕುಳಿತು ಕಾಗದವನ್ನು ಅವಳ ಕೈಗೆ ಕೊಟ್ಟೆ. ಓದಿದಳು.

“ಎರಡೂ ಖಾಲಿ ಇದ್ದುವು?”

“ಇದ್ದುವು.”

“ನೀರಿಲ್ಲ ಅಂತ ಬರದಾರ.”

“ಹೌದು. ಓದಿದ್ದೆ.”

“ನೀರಿನ ಪಾಳಿ ನಿಂದಿತ್ತು,” ಎಂದಳು ಅವಳು. ಬಹಳ ನಿಧಾನವಾಗಿ, ಲೆಕ್ಕ ತಾಳೆ ನೋಡುವವಳಂತೆ. “ನಾ ಖುಷಿಲೇ ಹೋದೆ. ನೀ ಮುಂದ ಹತ್ತಲಿ ಅಂತ.” ಸೀಟಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. “ಮೂರು ವರ್ಷ ಎಣ್ಣಿ ತಿಕ್ಕಿದಿಯಲ್ಲ, ಒಂದ್ ಸಲನೂ ಬಾಯಿ ಬರಲಿಲ್ಲೇನು?”

ನಾನು ತಪ್ಪಾಯಿತು ಎಂದೆ.

“ನೀ ಈಗ ಹೋಗು,” ಎಂದಳು. “ನಾ ಕರಿಯೂ ತನಕ ಬರಬ್ಯಾಡ.”

ಎರಡು ವರ್ಷ ಅವಳು ಕರೆಯಲಿಲ್ಲ. ಅಕ್ಕನಿಂದ ಸುದ್ದಿ ತಿಳಿಯುತ್ತಿತ್ತು. ಅವಳ ಶಾಲೆಯ ಖೋ ಖೋ ತಂಡ ಜಿಲ್ಲೆಗೆ ಗೆದ್ದದ್ದು, ಅವಳ ತಾಯಿ ಹಾಸಿಗೆ ಹಿಡಿದದ್ದು. ನಾನು ಪತ್ರ ಬರೆದು ಹರಿದುಹಾಕಿದೆ. ಶಹಾಪುರಕ್ಕೂ ಹೋಗಲಿಲ್ಲ. ಹಗ್ಗ ಅಟ್ಟದಲ್ಲಿ ಬಿದ್ದಿತ್ತು.

ಆಮೇಲೆ ಒಂದು ದಿನ ಶಾಲೆಯ ವಿಳಾಸಕ್ಕೆ ಇನ್‌ಲ್ಯಾಂಡ್ ಪತ್ರ ಬಂತು. ಕುಶಲ ವಿಚಾರಿಸಿರಲಿಲ್ಲ. ಎಂಟು ಹುಡುಗಿಯರನ್ನು ಉತ್ತರ ಕನ್ನಡದ ಒಂದು ಕಾಡಿಗೆ ಬಂಡೆ ಹತ್ತಲು ಕರೆದೊಯ್ಯಬೇಕೆಂದಿದ್ದೇನೆ, ಅದೂ ರಾಷ್ಟ್ರೀಯ ಉದ್ಯಾನವೇ, ಜಾಗ ಕಾದಿರಿಸಬೇಕು, ಅಕ್ಕ ಬರುತ್ತಾರೆ, ಮೇಲೆ ಹಗ್ಗ ಹಿಡಿಯಲು ಒಬ್ಬರು ಬೇಕು ಎಂದು ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು: “ಕಾಗದ ನೀ ಬರಿ, ಅದು ನಿನಗ ಚಂದ ಬರ್ತದ. ಉತ್ತರ ಮಾತ್ರ ನನ್ನ ವಿಳಾಸಕ್ಕ ಬರಲಿ.”

ಹೋದೆ. ಸ್ಟಾಫ್‌ರೂಮಿನಲ್ಲಿ ಎದುರುಬದುರು ಕುಳಿತೆವು. ಅವಳು ಹೇಳಿದಂತೆ ಬರೆದೆ, ಅವಳು ಓದಿ ತಾನೇ ಅಂಟು ಹಚ್ಚಿದಳು. ಉತ್ತರ ಬಂದಾಗ ಮತ್ತೆ ಕರೆಸಿ ಹುಡುಗಿಯರ ಮುಂದೆ ಗಟ್ಟಿಯಾಗಿ ಓದಿದಳು. ನೀರು ಎಷ್ಟು ದೂರ, ದಾರಿ ಹೇಗೆ, ಆಸ್ಪತ್ರೆ ಎಲ್ಲಿ ಎಂದು ಒಂದೊಂದೇ ಪ್ರಶ್ನೆ ಹಾಕಿ, ಯಾವ ಜಾಗ ಬೇಕು ಎಂದು ಅವರನ್ನೇ ಕೇಳಿದಳು. ಅವರು ಗದ್ದಲ ಮಾಡಿ, ಜಗಳಾಡಿ, ಒಂದನ್ನು ಆರಿಸಿದರು.

ನಾವು ಮೊದಲಿನ ಹಾಗೆ ಆಗಲಿಲ್ಲ. ತಮಾಷೆ ಮಾಡುವಾಗ ಅವಳು ಈಗಲೂ ನಡುವೆ ತಡೆದು ನಿಲ್ಲುತ್ತಾಳೆ. ಆ ಪ್ರವಾಸದಲ್ಲಿ ನಾನು ಬಂಡೆಯ ಮೇಲೆ ಕುಳಿತು ಹಗ್ಗ ಹಿಡಿದಿದ್ದೆ, ಅವಳು ಕೆಳಗೆ ಕೋಲಿಗೆ ಆತು ನಿಂತು ಪ್ರತಿ ಹುಡುಗಿಗೂ ಕೈ ಎಲ್ಲಿ, ಕಾಲು ಎಲ್ಲಿ ಎಂದು ಹೇಳುತ್ತಿದ್ದಳು. ಚೌಡಾಪುರದ ಒಬ್ಬ ಹುಡುಗಿ ನಡುವೆ ಸಿಕ್ಕಿಕೊಂಡು ಅಳತೊಡಗಿದಾಗ, “ಅಳು, ಅಳಕೋಂತನೇ ಎಡಗಾಲ ಮ್ಯಾಲಿಡು,” ಎಂದು ಕೂಗಿದಳು. ಹುಡುಗಿ ಅಳುತ್ತಲೇ ಏರಿ ಬಂದು ನನ್ನ ಪಕ್ಕ ಕುಳಿತು ಮೂಗು ಒರೆಸಿಕೊಂಡಳು. ಕೆಳಗಿನಿಂದ ಅವಳು ನನ್ನ ಹೆಸರು ಹಿಡಿದು ಕೂಗಿ, ಮುಂದಿನವಳಿಗೆ ಹಗ್ಗ ಬಿಡು ಎಂದಳು.